ಮುತ್ತಜ್ಜನ ಪಿಸ್ತೂಲು

ರುದ್ರಗೌಡ ದೇಸಾಯರು ವಸ್ತುಸಂಗ್ರಹಾಲಯದ ಗುಮಾಸ್ತನ ಮೇಜಿನ ಮೇಲೆ ಹಳೇ ಪಿಸ್ತೂಲೊಂದನ್ನು ಕುಕ್ಕಿದರು. "ಇದು ನಮ್ಮ ಮುತ್ತಜ್ಜಂದು ಅಂತ ಬರದು ಶಿಕ್ಕಾ ಒತ್ತು. ಇಲ್ಲಾಂದ್ರ ನಿನ್ನ ನೌಕರಿ ಹೋತಂತ ತಿಳಕೋ."

ಗುಮಾಸ್ತ ಎಣ್ಣೆಬಟ್ಟೆಯಿಂದ ನಳಿಗೆ ಒರೆಸಿದ. ಇಂಗ್ಲಿಷ್ ಫೌಜಿನ ಕಿರೀಟದ ಗುರುತು, ಪಕ್ಕದಲ್ಲಿ ನಲವತ್ತೊಂದು ಅನ್ನುವ ಅಂಕಿ ಮೂಡಿದವು. ಅಸಲಿ ಮಾಲು!

"ಬರೀತೇನ್ರಿ ಧಣ್ಯಾರ. ಇಂಗ್ಲಿಷರ ಕಾಲದಾಗ ಕಾವಲುಗಾರನ್ನ ಕೊಂದು ಸರ್ಕಾರಿ ಖಜಾನೆ ಲೂಟಿ ಮಾಡಿದವರು ಒಯ್ದ ಪಿಸ್ತೂಲಿಗೂ ಇದೇ ಗುರುತು, ಇದೇ ನಂಬರು ಅಂತ ಹಳೇ ಕಡತದಾಗ ಐತ್ರಿ. ಕಳ್ಳರು ಸಿಕ್ಕಿರಲಿಲ್ಲ. ನಿಮ್ಮ ಮುತ್ತಜ್ಜಾರ ಹೆಸರು ಪೂರ್ತಿ ಹೇಳ್ರಿ."

ದೇಸಾಯರ ಮುಖಕ್ಕೆ ಸುಣ್ಣ ಬಳಿದಂತಾಯಿತು. "ಏ ತಮ್ಮಾ, ಹೋದ ವಾರ ಸಂತ್ಯಾಗ ಕೊಂಡದ್ದಪಾ ಇದು. ನೀನ ಇಟ್ಕೋ."

ಪಿಸ್ತೂಲು ಈಗ ಗಾಜಿನ ಪೆಟ್ಟಿಗೆಯಲ್ಲಿದೆ. ಆ ಲೂಟಿಯ ಕಡತ ಮಾತ್ರ ಗುಮಾಸ್ತನಿಗೂ ಇನ್ನೂ ಸಿಕ್ಕಿಲ್ಲವಂತೆ.