ದಾರಿಯ ಮಧ್ಯದ ಚಪ್ಪರ

ಕತೆ ಶುರುವಾಗಿ ಎರಡು ತುತ್ತೂ ಇಳಿದಿಲ್ಲ, ನನ್ನ ಸಣ್ಣ ಮಗ ಲಿಖಿತ ಮತ್ತೆ ನಡುವೆ ಬಾಯಿ ಹಾಕಿದ. “ಅಮ್ಮಾ, ರಾಜನಿಗೆ ಕುದುರೆ ಬೇಡ, ಕಾರು ಇರಲಿ.” ಇದು ನಾಲ್ಕನೇ ಸಲ. ಆಗಲೇ ರಾಣಿಯನ್ನು ತೆಗೆಸಿದ್ದ, ರಾಕ್ಷಸನನ್ನು ಓಡಿಸಿದ್ದ. ದೊಡ್ಡವನು ಚಿರಂತ ಗೋಡೆ ಕಡೆ ತಿರುಗಿ ಕೂತು ಅನ್ನ ಕಲಸುತ್ತಲೇ ಇದ್ದ. ಬೆಳಿಗ್ಗೆ ಇಬ್ಬರೂ ಹಜಾರದಲ್ಲಿ ಸೈಕಲ್ ಪಂದ್ಯ ಹೂಡಿ, ಒಬ್ಬರಿಗೊಬ್ಬರು ಗುದ್ದಿಕೊಂಡು, ದೋಸೆಹಿಟ್ಟಿನ ಪಾತ್ರೆಯನ್ನು ಬೋರಲು ಹಾಕಿದ್ದರು. ದೊಡ್ಡವನಿಗಾದರೂ ಬುದ್ಧಿ ಬೇಡವೇ ಎಂದು ಅವನ ಬೆನ್ನಿಗೆ ಎರಡು ಬಿಗಿದಿದ್ದೆ.

“ಸರಿ, ಕಾರೇ ಇರಲಿ. ಇನ್ನೊಂದು ಸಲ ಬಾಯಿ ತೆಗೆದರೆ ತುತ್ತಿಗೆ ಮಾತ್ರ,” ಎಂದೆ.

ಆ ರಾಜ್ಯದಲ್ಲಿ ಡಂಗುರ ಹೊಡೆದರು. “ಕೇಳಿರಪ್ಪೋ ಕೇಳಿ! ಕೋಟೆ ಸುತ್ತಿನ ಕಾರು ಪಂದ್ಯದಲ್ಲಿ ಕೆಂಪು ಕಾರಿನ ಗಜಪತಿಗೂ ಹಳದಿ ಕಾರಿನ ಭೂಪಾಲನಿಗೂ ಡಿಕ್ಕಿಯಾಗಿದೆ. ತಪ್ಪು ಯಾರದೆಂದು ಗೊತ್ತಾಗಿಲ್ಲ. ಮಹಾರಾಜರ ಮೂರು ಒಗಟು ಬಿಡಿಸಿದವನು ತೀರ್ಪು ಹೇಳಬಹುದು. ಒಂದು ತಪ್ಪಿದರೂ ಸಂಜೆಗೆ ತಲೆ ಹೋಗುತ್ತದೆ!”

ಡಿಕ್ಕಿಯಾಗಿ ಎಂಟು ದಿನವಾಗಿತ್ತು. ಎಂಟು ದಿನವೂ ಆಸ್ಥಾನದಲ್ಲಿ ಅದೇ ಜಗಳ.

“ಬಂದು ಗುದ್ದಿದವನು ಅವನು!” ಎಂದು ಭೂಪಾಲ.

“ಅಡ್ಡ ಬಂದವನು ನೀನು! ಕಣ್ಣು ನೆತ್ತಿ ಮೇಲಿತ್ತೇನೋ?”

ಅವರಿಬ್ಬರೂ ಒಪ್ಪಿದ್ದು ಒಂದೇ ಮಾತಿಗೆ. ಕೆಂಪು ಕಾರಿನ ಟೈರಿಗೆ ಪಂಕ್ಚರ್ ಹಾಕಿದ ಮಾಳಿಂಗನ ಕೆಲಸ ಸರಿಯಿಲ್ಲ, ಅದರಿಂದಲೇ ಡಿಕ್ಕಿ ಎಂದರು. ಮಾಳಿಂಗನಿಗೆ ಕೋಟೆ ಬಾಗಿಲ ಬಳಿ ಒಂದು ಪಂಪು, ಒಂದು ನೀರಿನ ಬಾಣಲೆ, ಅಷ್ಟೇ ಆಸ್ತಿ. ಅವನನ್ನು ಹಿಡಿದು ಸೆರೆಗೆ ಹಾಕಿದರು. ಡಂಗುರ ಹೊಡೆದ ದಿನದ ಸಂಜೆಯೊಳಗೆ ಬೇರೆ ತೀರ್ಪು ಬರದಿದ್ದರೆ ಅವನಿಗೆ ಗಲ್ಲು.

ರಾಜ ಮೊದಲನೇ ಒಗಟು ಹೇಳಿದ. “ಇಬ್ಬರಿಗೂ ಬೇಕು, ಒಬ್ಬನಿಗೆ ಮಾತ್ರ ಸಾಲುತ್ತದೆ. ಒಬ್ಬ ಬಿಟ್ಟರೆ ಇಬ್ಬರಿಗೂ ಸಿಗುತ್ತದೆ, ಇಬ್ಬರೂ ಹಿಡಿದರೆ ಯಾರಿಗೂ ಇಲ್ಲ. ಏನದು?”

ಗಜಪತಿಯ ಕಡೆಯವರು ಕರೆತಂದ ಪಂಡಿತ ಶಾಲು ಸರಿಮಾಡಿಕೊಂಡು, “ಸಿಂಹಾಸನ, ಪ್ರಭು,” ಎಂದ.

“ನಾನು ಬಿಟ್ಟರೆ ನಿನಗೂ ಸಿಗುತ್ತದೋ? ಎಳೆದುಕೊಂಡು ಹೋಗಿ!”

ಭೂಪಾಲನ ಕಡೆಯ ಪಂಡಿತ ಬೆವರುತ್ತಾ, “ಹೆಣ್ಣು,” ಎಂದ.

“ನಿನ್ನ ಹೆಂಡತಿ ಇಲ್ಲೇ ಕೂತಿದ್ದಾಳೆ,” ಎಂದ ರಾಜ. ಅವನನ್ನೂ ಎಳೆದೊಯ್ದರು. ಹೆಂಡತಿ ತಡೆಯಲಿಲ್ಲ.

“ಅವರ ತಲೆ ಹೋಯ್ತಾ ಅಮ್ಮಾ?” ಎಂದ ಲಿಖಿತ.

“ಸಂಜೆಗೆ ಅಂದೆನಲ್ಲೋ! ಇನ್ನೂ ಮಧ್ಯಾಹ್ನ. ನುಂಗು.”

ಮತ್ತೆ ಯಾರೂ ಮುಂದೆ ಬರಲಿಲ್ಲ. ಆಗ ಕೈಗೆ ಕೋಳ ಹಾಕಿಸಿಕೊಂಡು ನಿಂತಿದ್ದ ಮಾಳಿಂಗ, “ನಾನು ಹೇಳಬಹುದೇ ಬುದ್ಧಿ? ನನ್ನ ತಲೆ ಹೇಗೂ ಹೋಗುವುದೇ,” ಎಂದ.

“ಹೇಳು.”

“ತಿರುವು, ಬುದ್ಧಿ. ಒಬ್ಬ ಹಿಂದೆ ಸರಿದರೆ ಇನ್ನೊಬ್ಬ ಮೊದಲು ದಾಟುತ್ತಾನೆ, ಅವನ ಹಿಂದೆ ಇವನೂ ದಾಟುತ್ತಾನೆ. ಇಬ್ಬರೂ ಒಟ್ಟಿಗೆ ನುಗ್ಗಿದರೆ ಇಬ್ಬರೂ ಗುಂಡಿಗೆ.”

ರಾಜ ಮುಂದಕ್ಕೆ ಬಾಗಿದ. “ಎರಡನೆಯದು. ಓಡುವವನು ಬರೆಯುವುದಿಲ್ಲ, ನಿಲ್ಲಲು ಹೆಣಗುವವನು ಬರೆಯುತ್ತಾನೆ. ಬಾಯಲ್ಲಿ ಎಷ್ಟೇ ಸುಳ್ಳು ಹೇಳಲಿ, ಬರೆದದ್ದು ನಿಜವೇ. ಏನದು?”

“ಬ್ರೇಕ್ ಒತ್ತಿದಾಗ ನೆಲದ ಮೇಲೆ ಟೈರು ಎಳೆಯುವ ಕಪ್ಪು ಗೆರೆ. ಎಂಟು ದಿನದಿಂದ ತಿರುವಿನಲ್ಲಿ ಬಿದ್ದಿದೆ, ಬುದ್ಧಿ. ಒಬ್ಬರೂ ಬಗ್ಗಿ ನೋಡಲಿಲ್ಲ.”

ಗಜಪತಿ ಕೆಮ್ಮಿದ. ಭೂಪಾಲ ಉಂಗುರ ತಿರುಗಿಸತೊಡಗಿದ.

“ಮೂರನೆಯದು,” ಎಂದ ರಾಜ. “ಎಲ್ಲರ ಹತ್ತಿರವೂ ಇದೆ. ಎಲ್ಲರೂ ಇನ್ನೊಬ್ಬರಿಗೆ ಕೊಡಲು ಹೋಗುತ್ತಾರೆ, ತೆಗೆದುಕೊಳ್ಳುವವರಿಲ್ಲ. ಕಡೆಗೆ ಕೈಲಾಗದವನ ತಲೆ ಮೇಲೆ ಇಳಿಸುತ್ತಾರೆ.”

ಮಾಳಿಂಗ ತನ್ನ ಕೋಳ ನೋಡಿಕೊಂಡ. “ತಪ್ಪು, ಬುದ್ಧಿ. ನನ್ನ ತಲೆ ಮೇಲಿದೆ.”

“ಮೂರೂ ಸರಿ. ಕೋಳ ಬಿಚ್ಚಿ! ಈಗ ತೀರ್ಪು ಹೇಳು.”

ಮಾಳಿಂಗ ಎಲ್ಲರನ್ನೂ ತಿರುವಿಗೆ ಕರೆದೊಯ್ದ. ಮೊದಲು ಅಲ್ಲೇ ನಿಂತಿದ್ದ ಕೆಂಪು ಕಾರಿನ ಟೈರನ್ನು ಒದ್ದು ತೋರಿಸಿದ. ಅದರಲ್ಲಿ ಅಂದಿನ ಗಾಳಿ ಹಾಗೇ ಇತ್ತು. ಆಮೇಲೆ ಗೆರೆಗಳನ್ನು ತೋರಿಸಿದ. “ಕೆಂಪು ಕಾರು ಹಿಂದಿತ್ತು. ಅದರ ಗೆರೆ ತಿರುವು ಅರ್ಧ ಕಳೆದ ಮೇಲೆ ಶುರು. ತಡವಾಗಿ ನುಗ್ಗಿ, ತಡವಾಗಿ ಬ್ರೇಕ್ ಒತ್ತಿದ್ದಾರೆ. ಅವರು ಮೂರು ಪಂದ್ಯ ಮನೆಯಲ್ಲಿರಲಿ. ಹಳದಿ ಕಾರಿನ ಗೆರೆ ನೆಟ್ಟಗೆ ಬಂದು ಇದ್ದಕ್ಕಿದ್ದಂತೆ ಒಳಕ್ಕೆ ತಿರುಗಿದೆ. ಬೇಕೆಂದೇ ದಾರಿ ಮುಚ್ಚಿದ್ದಾರೆ. ಅವರು ಒಂದು ಪಂದ್ಯ ಬಿಡಲಿ.”

“ಮುಗಿಯಿತೇ?”

“ಇನ್ನೊಂದಿದೆ.” ಮಾಳಿಂಗ ದಾರಿಯೊಳಗೆ ನೆಟ್ಟಿದ್ದ ಒಂದು ಗೂಟ ತೋರಿಸಿದ. “ಈ ತಿರುವಿನಲ್ಲಿ ಎರಡು ಕಾರು ಜೊತೆಗೆ ಹೋಗುವಷ್ಟು ಜಾಗವಿತ್ತು. ಹತ್ತಿರದಿಂದ ನೋಡಬೇಕೆಂದು ತಾವು ಕೂರುವ ಚಪ್ಪರವನ್ನು ದಾರಿಯೊಳಕ್ಕೆ ಹಾಕಿಸಿದಿರಿ, ಬುದ್ಧಿ. ತಪ್ಪಿನಲ್ಲಿ ಒಂದು ಪಾಲು ಆ ಗೂಟದ್ದು.”

ಭಟರು ಕತ್ತಿಗೆ ಕೈ ಹಾಕಿದರು. ರಾಜ ಅವರನ್ನು ತಡೆದು ಗೂಟದ ಬಳಿಗೆ ಹೋದ. ಆಮೇಲೆ ತಾನೇ ಬಗ್ಗಿ ಅದನ್ನು ಅಲ್ಲಾಡಿಸಿ ಕಿತ್ತ. ಮಾಳಿಂಗನನ್ನು ಇನ್ನು ಮುಂದಿನ ಎಲ್ಲ ಪಂದ್ಯಗಳಿಗೂ ತೀರ್ಪುಗಾರನನ್ನಾಗಿ ಮಾಡಿದ. ಬೇರೇನು ಬೇಕು ಎಂದು ಕೇಳಿದಾಗ ಮಾಳಿಂಗ ಆ ಇಬ್ಬರು ಪಂಡಿತರ ತಲೆ ಬೇಡಿ ತೆಗೆದುಕೊಂಡ, ಅದೂ ಮೈ ಸಮೇತ.

“ಕತೆ ಮುಗಿಯಿತು. ಕೈ ತೊಳೆಯಿರಿ,” ಎಂದು ತಟ್ಟೆ ಎತ್ತಿಕೊಂಡೆ. ಲಿಖಿತನೇನೋ ಓಡಿದ. ಅದುವರೆಗೂ ತುಟಿ ಬಿಚ್ಚದ ಚಿರಂತ ಗೋಡೆ ಬಿಟ್ಟು ನನ್ನ ಕಡೆ ತಿರುಗಿದ. ಇಡೀ ಕತೆಯಲ್ಲಿ ಅವನು ಬಾಯಿ ಹಾಕಿದ್ದು ಅದೊಂದೇ ಸಲ.

“ಅಮ್ಮಾ, ಬೆಳಿಗ್ಗೆ ಹಿಟ್ಟಿನ ಪಾತ್ರೆ ಹಜಾರದ ಮಧ್ಯ ಇಟ್ಟೋರು ಯಾರು?”