ಕೆಳಪೇಟೆ ಬಾಯಿ ಬಿಟ್ಟ ಕತೆ

“ಕೇಳ್ರಪ್ಪೋ ಕೇಳಿ! ಕೆಳಪೇಟೆಯಲ್ಲಿ ಹಾಡಹಗಲೇ ಚೂರಿ ಓಡಾಡುತ್ತಿದೆ. ನೋಡಿದವರು ಬಾಯಿ ಬಿಡುತ್ತಿಲ್ಲ. ಮಹಾರಾಜರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಕೆಳಪೇಟೆಯ ತಳವಾರಿಕೆ, ಜೊತೆಗೆ ಸೆರೆಮನೆಯ ಬೀಗದ ಕೈ. ತಪ್ಪು ಹೇಳಿದವನಿಗೆ ತಲೆದಂಡ!”

ಹೀಗೆ ಡಂಗುರ ಹೊಡೆಸಿದ ರಾಜನಿಗೆ ಒಗಟಿನ ಉತ್ತರ ಗೊತ್ತಿತ್ತೇ ಅಂದರೆ, ಇಲ್ಲ. ನನಗೆ ಸಿಟ್ಟು ಬರುವುದೇ ಇಲ್ಲಿ. ಅವನ ಉಪಾಯ ಇಷ್ಟೆ: ಕೆಳಪೇಟೆಯವರನ್ನೆಲ್ಲ ಕರೆಸಿ ಸಭೆಯ ಮೂಲೆಯಲ್ಲಿ ನಿಲ್ಲಿಸುವುದು. ಉತ್ತರ ಕೇಳಿ ಅವರು ಬಾಯಿ ಬಿಟ್ಟರೆ ಸರಿ, ಬಿಡದಿದ್ದರೆ ತಪ್ಪು.

ಮೊದಲು ದಳವಾಯಿಯ ಮಗ ಮೀಸೆ ತಿರುವುತ್ತ ಬಂದ. ರಾಜ ಕೇಳಿದ: “ನಡುಸಂತೆಯಲ್ಲಿ ಒಬ್ಬನಿಗೆ ಚೂರಿ ಬೀಳುತ್ತದೆ. ಸುತ್ತ ನೂರಾರು ಕಣ್ಣು ತೆರೆದೇ ಇವೆ. ಆದರೂ ಕಂಡವರು ಒಬ್ಬರೂ ಇಲ್ಲ. ಆ ಕಣ್ಣುಗಳನ್ನು ಕಟ್ಟಿದ್ದು ಯಾವುದು?”

“ಹೇಡಿತನ, ಪ್ರಭು. ಬೆನ್ನ ಮೇಲೆ ನಾಲ್ಕು ಬಾರುಕೋಲಿನ ಏಟು ಬಿದ್ದರೆ ತಾವೇ ಕಣ್ಣು ಬಿಡುತ್ತಾರೆ.”

ಮೂಲೆಯ ಜನ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ತುಟಿ ಪಿಟಕ್ಕೆನ್ನಲಿಲ್ಲ. ತಲೆ ಹೋಯಿತು.

ಆಮೇಲೆ ಬಂದ ಆಸ್ಥಾನ ಪಂಡಿತ, “ಪೂರ್ವಜನ್ಮದ ಕರ್ಮ” ಎಂದು ಶ್ಲೋಕದ ಮೇಲೆ ಶ್ಲೋಕ ಹೇಳಿದ. ಮೂಲೆಯಲ್ಲಿ ಯಾರೋ ಆಕಳಿಸಿದರು. ಇದು ಬಾಯಿ ಬಿಟ್ಟ ಲೆಕ್ಕವೇ ಎಂದು ಮಂತ್ರಿ ಕೇಳಿದ. ಅಲ್ಲ ಎಂದ ರಾಜ. ಆ ತಲೆಯೂ ಹೋಯಿತು. ಎರಡು ತಲೆ ಉರುಳಿದ ಮೇಲಾದರೂ ಆ ಮೂಲೆಯವರನ್ನೇ ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಮೂರನೆಯವನು ಪುರಿ ಹುರಿಯುವ ಜವರ. ಅವನಿಗೆ ತಳವಾರಿಕೆಯ ಆಸೆ ಇರಲಿಲ್ಲ, ಬೇಕಾಗಿದ್ದದ್ದು ಸೆರೆಮನೆಯ ಬೀಗದ ಕೈ. ಸಂತೆಯಲ್ಲಿ ಎಲೆ ವ್ಯಾಪಾರಿಯೊಬ್ಬನಿಗೆ ಚೂರಿ ಬಿದ್ದಾಗ, ಕೂಗು ಕೇಳಿ ಓಡಿಬಂದು ನೀರು ಕುಡಿಸಿದವನು ಜವರನ ಅಣ್ಣ ಹೊನ್ನ. ಕಾವಲಿನವರು ಅವನ ಪಂಚೆಯ ಮೇಲಿನ ರಕ್ತ ನೋಡಿ ಅವನನ್ನೇ ಎಳೆದುಕೊಂಡು ಹೋದರು. ಅಮಾವಾಸ್ಯೆಗೆ ಅವನಿಗೆ ಗಲ್ಲು.

ಜವರ ಮನೆಮನೆಗೂ ಹೋಗಿ ಕಾಲು ಹಿಡಿದಿದ್ದ. ಎಲ್ಲರದೂ ಒಂದೇ ರಾಗ: “ನಾವು ಒಳಗಿದ್ವು ಕಣಪ್ಪ, ನೋಡ್ಲಿಲ್ಲ.” ಸಂತೆಗೆ ಸಂತೆಯೇ ಒಳಗಿತ್ತಂತೆ! ಅವನಿಗೆ ಪೇಟೆಗೆ ಬೆಂಕಿ ಇಡುವಷ್ಟು ಕೋಪ ಬಂದಿತ್ತು. ಕಡೆಗೆ ಒಬ್ಬಳು ಮುದುಕಿ ಒಳಗೆ ಕರೆದು, ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡು, ಕೊಂದವನ ಹೆಸರು ಹೇಳಿದ್ದಳು. ತನ್ನ ಹೆಸರು ಮಾತ್ರ ಎತ್ತಬಾರದು ಅಂದಿದ್ದಳು.

ರಾಜ ಮತ್ತೆ ಅದೇ ಒಗಟು ಕೇಳಿದ. ಆ ಕಣ್ಣುಗಳನ್ನು ಕಟ್ಟಿದ್ದು ಯಾವುದು?

“ಬುದ್ಧಿ, ಶಾಲು,” ಎಂದ ಜವರ ರಾಜನಿಗೆ ಕೈ ಮುಗಿದು.

“ಯಾವ ಶಾಲು?”

“ನೀವು ಹೊದಿಸಿದ್ದು. ಹೋದ ವರ್ಸ ನಮ್ಮ ಪೇಟೆ ದಾಸಯ್ಯ ಒಂದು ಕೊಲೆ ನೋಡಿ, ಕಂಡದ್ದನ್ನ ಕಂಡಂಗೆ ಹೇಳ್ದ. ನೀವು ಮೆಚ್ಚಿ ಶಾಲು ಹೊದಿಸಿ, ಆನೆ ಮ್ಯಾಲೆ ಕೂರ್ಸಿ, ಇಡೀ ಪೇಟೆ ಮೆರೆಸುದ್ರಿ. ಯಾರು ಹೇಳ್ದೋರು ಅಂತ ಕೊಲೆಗಡುಕರು ಹುಡುಕೋ ಹಂಗೇ ಇರ್ಲಿಲ್ಲ. ಒಂದು ವಾರಕ್ಕೆ ಬಾವೀಲಿ ಸಿಕ್ಕುದ. ಶಾಲು ಕುತ್ತಿಗೇಲೇ ಇತ್ತು.”

ಮೂಲೆಯಿಂದ “ಹೌದು” ಎಂಬ ಮಾತು ಬಂತು. ಹೇಳಿದವಳು ದಾಸಯ್ಯನ ಹೆಂಡತಿ. ರಾಜ ಸಿಂಹಾಸನದಲ್ಲಿ ಸ್ವಲ್ಪ ಮುಂದೆ ಬಾಗಿದ.

“ಎರಡನೆಯದು. ಕೊಲೆಗಾರ ಬಂದರೂ ಮುಚ್ಚುವ, ಕಾವಲುಗಾರ ಬಂದರೂ ಮುಚ್ಚುವ ಬಾಗಿಲು ಯಾವುದು?”

“ನಮ್ಮನೇದು ಬುದ್ಧಿ. ಕೊಲೆಗಾರ ಪ್ರಾಣ ತೆಗಿಯಾಕ್ ಬತ್ತನೆ. ನಿಮ್ಮೋರು ಮಗನ್ನ ಎಳ್ಕೊಂಡೋಗಾಕ್ ಬತ್ತರೆ. ಹೆಂಗಿದ್ದೀರಿ ಅಂತ ಕೇಳಾಕೆ ಒಬ್ಬರಾದ್ರೂ ಬಂದವ್ರಾ? ಬಿದ್ದೋನಿಗೆ ನೀರು ಕೊಟ್ಟ ನಮ್ಮಣ್ಣನ್ನೇ ಹಿಡ್ಕೊಂಡೋದ್ರಲ್ಲ! ಇನ್ಮ್ಯಾಲೆ ನೀರು ಯಾರು ಕೊಟ್ಟಾರು?”

“ಹೌದು, ಹೌದು” ಎಂದು ಮೂಲೆಯಲ್ಲಿ ನಾಲ್ಕಾರು ದನಿ ಎದ್ದವು. ರಾಜನಿಗೆ ರೇಗಿತು. ಉತ್ತರ ಸರಿಯಿದ್ದದ್ದಕ್ಕೇ ರೇಗಿತು.

“ಹಾಗಾದರೆ ಕೊನೆಯದು. ಎಲೆ ವ್ಯಾಪಾರಿಯನ್ನು ಕೊಂದವನು ಯಾರು? ಹೇಳು, ನಿನ್ನ ಅಣ್ಣ ಈಗಲೇ ಮನೆಗೆ ಹೋಗುತ್ತಾನೆ.”

ಹೆಸರು ಜವರನ ನಾಲಿಗೆಯ ಮೇಲೇ ಇತ್ತು.

“ಇಲ್ಲಿ ಹೇಳಾಕಿಲ್ಲ ಬುದ್ಧಿ.”

“ಯಾಕೆ?”

“ಹೆಸರು ಹೇಳುದ್ರೆ, ನಿಂಗೆ ಹೇಳ್ದೋರು ಯಾರು ಅಂತೀರಿ. ಕೇಳಿಸ್ಕೊಳ್ಳಾಕೆ ಇಲ್ಲಿ ಎಷ್ಟು ಕಿವಿ ಅವೆ ನೋಡಿ. ಇನ್ನೊಂದು ಹೆಣ ಬಾವೀಲಿ ತೇಲೋದು ಬ್ಯಾಡ.”

“ಹೇಳ್ಬುಡೋ ಮಗಾ!” ಎಂದು ಅವನ ಅವ್ವ ಎದೆ ಎದೆ ಬಡಿದುಕೊಂಡಳು. “ಇಬ್ಬರನ್ನೂ ಕಳ್ಕೊಂಡು ನಾನು ಹೆಂಗೋ ಬದುಕ್ಲಿ?” ಜವರ ಅತ್ತ. ಆದರೆ ಹೇಳಲಿಲ್ಲ. ರಾಜ ಕೈ ಸನ್ನೆ ಮಾಡಿದ. ಕತ್ತಿ ಮೇಲೆದ್ದಿತು.

“ನಾನ್ ನೋಡಿವ್ನಿ,” ಎಂದಿತು ಮೂಲೆಯಲ್ಲೊಂದು ದನಿ. ಯಾರೆಂದು ತಿಳಿಯುವ ಮೊದಲೇ ಇನ್ನೊಂದು, “ನಾನೂ ನೋಡಿವ್ನಿ.” ಆಮೇಲೆ ಎಳೆಯರು, ಮುದುಕರು, ಇಡೀ ಮೂಲೆಯೇ “ನಾನೂ, ನಾನೂ” ಎಂದು ಗದ್ದಲವೆಬ್ಬಿಸಿತು. ಅಷ್ಟು ಜನರಲ್ಲಿ ಯಾರನ್ನು ಗುರುತಿಟ್ಟುಕೊಂಡು ಕೊಲ್ಲುವುದು!

ರಾಜ ಹಾರಿ ಎದ್ದ. “ಯಾರು? ಒಬ್ಬೊಬ್ಬರಾಗಿ ಮುಂದೆ ಬನ್ನಿ, ಹೆಸರು ಹೇಳಿ!”

ಮೂಲೆ ಮತ್ತೆ ಗಪ್‌ಚುಪ್. ಅಯ್ಯೋ, ಈ ರಾಜನಿಗೆ ಏನು ಹೇಳುವುದು!

“ಬುದ್ಧಿ,” ಎಂದ ಜವರ, ಸಾಕಾಗಿ ಹೋದ ದನಿಯಲ್ಲಿ. “ವಸಿ ಆಚೆಗೋಗಿ. ನಿಮ್ಮೋರ್ನೆಲ್ಲ ಕರ್ಕೊಂಡೋಗಿ.”

ತನ್ನ ಸಭೆಯಿಂದ ತಾನೇ ಹೊರಗೆ ಹೋಗುವುದೆಂದರೆ ರಾಜನಿಗೆ ಸಣ್ಣ ಮಾತಲ್ಲ. ಹೋದ. ಮೆಟ್ಟಿಲ ಮೇಲೆ ಕೂತ. ಮಂತ್ರಿ ಬಾಗಿಲಿಗೆ ಕಿವಿ ಕೊಡಲು ಹೋದಾಗ ರಟ್ಟೆ ಹಿಡಿದು ಎಳೆದು ಕೂರಿಸಿದ.

“ಮೂರನೆಯದಕ್ಕೆ ಅವನು ಉತ್ತರವನ್ನೇ ಹೇಳಲಿಲ್ಲವಲ್ಲ, ಪ್ರಭು?” ಎಂದ ಮಂತ್ರಿ.

“ಹೇಳಿದ್ದರೆ ಅವರು ಬಾಯಿ ಬಿಡುತ್ತಿದ್ದರೇನಯ್ಯಾ?” ಎಂದು ರಾಜ ಗದರಿದ.

ಒಂದು ಹೆಸರು ಹೇಳಲು ಎಷ್ಟು ಹೊತ್ತು ಬೇಕು? ಒಳಗೆ ಹೊತ್ತು ಮುಳುಗುವ ತನಕ ಮಾತು ನಡೆಯಿತು. ವರ್ಷಗಳಿಂದ ನುಂಗಿಕೊಂಡದ್ದನ್ನೆಲ್ಲ ಅವರು ಜವರನ ಮುಂದೆ ಹೇಳುತ್ತಿದ್ದರು. ಬಾಗಿಲು ತೆರೆದಾಗ ಜವರ ಕೊಂದವನ ಹೆಸರನ್ನಷ್ಟೇ ರಾಜನ ಕಿವಿಯಲ್ಲಿ ಹೇಳಿದ. ರಾಜ ತಾನೇ ಬೀಗದ ಕೈ ಅವನ ಕೈಗಿಟ್ಟ. ಅಂದೇ ಕೊಲೆಗಾರ ಸಿಕ್ಕಿಬಿದ್ದ, ಹೊನ್ನ ಅವ್ವನ ಕೈಯ ಊಟ ಉಂಡ, ಜವರ ಕೆಳಪೇಟೆಯ ತಳವಾರನಾದ.

ಸಭೆಯಿಂದ ಎಲ್ಲರಿಗಿಂತ ಕೊನೆಗೆ ಹೊರಬಂದವಳು ದಾಸಯ್ಯನ ಹೆಂಡತಿ. ಅವಳನ್ನು ಕಂಡು ರಾಜ ಮೆಟ್ಟಿಲಿನಿಂದ ಎದ್ದು ನಿಂತ. ಅವಳು ಕೈ ಮುಗಿಯದೆ ಇಳಿದು ಹೋದಳು.