ಎರಡು ಗೂಡಿನ ಆಸೆ

ಹುಣಸೆ ಮರದ ಗೂಡಿನ ಜೇನುಹುಳ ಮಿಂಚಿಗೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಎದುರಿನ ಹೊಂಗೆ ಮರದ ಗೂಡಿನ ಅಕ್ಕತಂಗಿಯರ ಬಳಗದಲ್ಲಿ ಕುಣಿತ ಬಲು ಚೆಂದವೆಂದು ಕೇಳಿದಾಗಿನಿಂದ ಎಲ್ಲಿ ಕೂತರೂ ಅವಳಿಗೆ ಅದೇ ಧ್ಯಾನ. ಒಂದು ಬೆಳಿಗ್ಗೆ ಆ ಗೂಡಿನ ಬಾಗಿಲಿಗೇ ಹೋದಳು. ಕಾವಲಿನವಳು ಅವಳ ಮೈ ಮೂಸಿ ನೋಡಿ ಅಡ್ಡ ನಿಂತಳು.

"ಅಕ್ಕಾ, ನನ್ನನ್ನೂ ಸೇರಿಸಿಕೊಳ್ಳಿ. ನನ್ನ ಗೂಡನ್ನೂ ಬಿಡುವುದಿಲ್ಲ, ಎರಡಕ್ಕೂ ಮಕರಂದ ತರುತ್ತೇನೆ."

"ಎರಡು ಗೂಡಿನವಳನ್ನು ಒಳಗೆ ಬಿಡುವ ಪದ್ಧತಿ ಇಲ್ಲ, ತಂಗೀ."

"ಇದೆಂಥ ಪದ್ಧತಿ? ರೆಕ್ಕೆ ನನ್ನದು, ದುಡಿಮೆ ನನ್ನದು. ನಿಮಗೇನು ನಷ್ಟ?"

"ಮಕರಂದ ಯಾರು ಬೇಕಾದರೂ ತಂದಾರು. ನಿನಗೆ ಕೊಂಡಿ ಎಷ್ಟಿವೆ, ಹೇಳು."

"ಒಂದೇ."

ಅಷ್ಟರಲ್ಲಿ ಕೋತಿಯೊಂದು ಬಂದು ಹೊಂಗೆಯ ಗೂಡಿಗೆ ಕೈ ಹಾಕಿತು. ಕಾವಲಿನವಳು ಮಾತು ಅಲ್ಲಿಗೇ ಬಿಟ್ಟು ಹಾರಿ ಅದರ ಮೂಗಿಗೆ ಚುಚ್ಚಿದಳು. ಕೊಂಡಿ ಮೂಗಿನಲ್ಲೇ ಉಳಿಯಿತು, ಅವಳು ಸತ್ತು ನೆಲಕ್ಕೆ ಬಿದ್ದಳು. ಕೋತಿ ಕಿರುಚಿಕೊಂಡು ಹುಣಸೆ ಮರಕ್ಕೆ ನೆಗೆದು ಅಲ್ಲಿಯ ಗೂಡಿನತ್ತ ಕೈ ಚಾಚಿತು.

ಮಿಂಚಿ ನೆಲದ ಕಡೆ ಒಮ್ಮೆ ನೋಡಿದಳು. ಹುಟ್ಟಿದಾಗಿನಿಂದ ಅಂಕುಡೊಂಕಾಗಿ ಹಾರಿದವಳು ಈಗ ಗೆರೆ ಎಳೆದ ಹಾಗೆ ನೇರವಾಗಿ ಹುಣಸೆ ಮರಕ್ಕೆ ಹಾರಿದಳು.